34 ಕುರ್ಚಿ, 31 ಜಿಲ್ಲೆ

ಹೋದ ತಿಂಗಳು ನಮ್ಮ ತಾಲೂಕಿನ ಡಿಗ್ರಿ ಕಾಲೇಜಲ್ಲಿ ರಾಜ್ಯದ ಸಚಿವ ಸಂಪುಟದ ಬಗ್ಗೆ ಮಾತಾಡೋಕೆ ಕರೆದಿದ್ರು. ಹುಡುಗ್ರು ಫೋನಲ್ಲಿ ರೆಕಾರ್ಡ್ ಮಾಡ್ಕೊಂಡಿದ್ರು, ಅದನ್ನೇ ಕೇಳ್ಕೊಂಡು ಟೈಪ್ ಮಾಡಿದೀನಿ. ಅಲ್ಲಲ್ಲಿ ಒಂದೆರಡು ವಾಕ್ಯ ಸರಿ ಮಾಡಿದೀನಿ, ಉಳಿದಿದ್ದು ಮಾತಾಡಿದ ಹಾಗೇ ಇದೆ.

ಎಲ್ಲರಿಗೂ ನಮಸ್ಕಾರ. ನಾನು ಇಪ್ಪತ್ತಾರು ವರ್ಷ ಪಿಯುಸಿ ಮಕ್ಕಳಿಗೆ ರಾಜ್ಯಶಾಸ್ತ್ರ ಹೇಳ್ಕೊಟ್ಟೋಳು. ಪ್ರತಿ ವರ್ಷ "ಮಂತ್ರಿಮಂಡಲದ ರಚನೆ" ಅಂತ ಒಂದು ಪಾಠ ಬರೋದು, ಐದು ಮಾರ್ಕ್ಸಿನ ಪ್ರಶ್ನೆ ಗ್ಯಾರಂಟಿ, ಮಕ್ಕಳು ಬಾಯಿಪಾಠ ಮಾಡಿ ಬರೀತಿದ್ರು, ನಾನೂ ಮಾರ್ಕ್ಸ್ ಹಾಕ್ತಿದ್ದೆ. ಆದ್ರೆ ಆ ಪಾಠ ನಮ್ಮೂರಿನ ಒಂದು ಕಾಲುಸಂಕದವರೆಗೂ ಬಂದು ನಿಲ್ಲುತ್ತೆ ಅನ್ನೋದು ನನಗೆ ಅರ್ಥ ಆಗೋಕೆ ಬಹಳ ವರ್ಷ ಹಿಡೀತು. ಇವತ್ತು ಅಲ್ಲಿಂದಲೇ ಶುರು ಮಾಡ್ತೀನಿ.

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ನಮ್ಮ ಕಡೆ ಒಂದು ಹಳ್ಳ ಇದೆ, ಅದರಾಚೆ ಹದಿನಾಲ್ಕು ಮನೆ. ಮಳೆಗಾಲ ಬಂದ್ರೆ ಅಡಿಕೆ ಮರದ ದಬ್ಬೆ ಕಟ್ಟಿದ ಸಂಕದ ಮೇಲೆ ಮಕ್ಕಳು ಶಾಲೆಗೆ ದಾಟಬೇಕು, ದಬ್ಬೆ ಪಾಚಿ ಕಟ್ಟಿ ಜಾರುತ್ತೆ, ಒಂದು ಕೈಯಲ್ಲಿ ಕೊಡೆ ಇನ್ನೊಂದು ಕೈಯಲ್ಲಿ ಹಗ್ಗ. ನನ್ನ ಸ್ಟೂಡೆಂಟ್ ಒಬ್ಬಳು ಜುಲೈ ಆಗಸ್ಟಲ್ಲಿ ಕ್ಲಾಸಿಗೆ ಬರ್ತಾನೇ ಇರ್ಲಿಲ್ಲ, ಯಾಕೆ ಅಂತ ಕೇಳಿದಾಗ ಗೊತ್ತಾಯ್ತು. ಊರವ್ರ ಜೊತೆ ನಾನೂ ಅರ್ಜಿ ಹಿಡ್ಕೊಂಡು ಓಡಾಡಿದೆ. ಒಂದು ಇಲಾಖೆಯವ್ರು ಇದು ನಮ್ಮ ರಸ್ತೆ ಅಲ್ಲ ಅಂದ್ರು, ಇನ್ನೊಂದು ಇಲಾಖೆಯವ್ರು ಅನುದಾನ ಇದೆ ಆದ್ರೆ ಆಚೆ ದಡ ಕಾಡಿನ ಗಡಿ ಒಳಗೆ ಬರುತ್ತೆ, ಅಲ್ಲಿಂದ ಒಪ್ಪಿಗೆ ತನ್ನಿ ಅಂದ್ರು, ಮೂರನೇ ಕಡೆ ಹೋದ್ರೆ ಮೊದಲು ಕಾಮಗಾರಿ ಮಂಜೂರಾಗಿದೆ ಅಂತ ಪತ್ರ ತನ್ನಿ ಆಮೇಲೆ ನೋಡೋಣ ಅಂದ್ರು. ಮೂರು ಇಲಾಖೆ, ಮೂವರು ಮಂತ್ರಿಗಳು. ಅವರು ಮೂವರೂ ಒಂದೇ ಟೇಬಲ್ ಸುತ್ತ ಕೂರೋದು ಸಂಪುಟ ಸಭೆಯಲ್ಲಿ ಮಾತ್ರ. ಆಗ ನನಗೆ ಹೊಳೀತು, ಸಂಪುಟದಲ್ಲಿ ಯಾರು ಇದಾರೆ, ಯಾವ ಖಾತೆ ಯಾರ ಹತ್ರ ಇದೆ, ನಮ್ಮ ಜಿಲ್ಲೆ ಕಡೆಯಿಂದ ಮಾತಾಡೋರು ಯಾರಿದಾರೆ ಅನ್ನೋದು ಪರೀಕ್ಷೆಗೆ ಮಾತ್ರ ಬರೋ ಪ್ರಶ್ನೆ ಅಲ್ಲ.

ಸರಿ, ಲೆಕ್ಕಕ್ಕೆ ಬರೋಣ. ನಮ್ಮ ವಿಧಾನಸಭೆಯಲ್ಲಿ 224 ಜನ. ಸಂವಿಧಾನದ 164ನೇ ವಿಧಿಯಲ್ಲಿ 1ಎ ಅಂತ ಒಂದು ಉಪವಿಧಿ ಇದೆ, ಮುಖ್ಯಮಂತ್ರಿನೂ ಸೇರಿ ಮಂತ್ರಿಗಳ ಸಂಖ್ಯೆ ವಿಧಾನಸಭೆಯ ಒಟ್ಟು ಬಲದ ಶೇ. 15 ದಾಟಬಾರದು ಅಂತ. 224ಕ್ಕೆ ಶೇ. 15 ಅಂದ್ರೆ 33.6, ನಮ್ಮಲ್ಲಿ ಅದನ್ನ 34 ಅಂತ ತಗೊಂಡು ಬಂದಿದಾರೆ. ಸಣ್ಣ ರಾಜ್ಯಗಳಿಗೆ ಈ ಲೆಕ್ಕ ಹಿಡಿದ್ರೆ ಕಷ್ಟ, ಗೋವಾದಲ್ಲಿ 40 ಸೀಟು, ಶೇ. 15 ಅಂದ್ರೆ 6 ಜನ, ಆರು ಜನ ಇಟ್ಕೊಂಡು ಎಲ್ಲಾ ಇಲಾಖೆ ನಡೆಸೋದು ಹೇಗೆ, ಅದಕ್ಕೇ 12ಕ್ಕಿಂತ ಕಮ್ಮಿ ಇರಬಾರದು ಅಂತ ಕೆಳಗಿನ ಮಿತಿನೂ ಹಾಕಿದಾರೆ. ಈ ಕೆಳಗಿನ ಮಿತಿಯನ್ನ ನೆನಪಲ್ಲಿ ಇಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಇದು ಮೊದಲಿಂದ ಇದ್ದ ನಿಯಮ ಅಲ್ಲ. 2003ರ 91ನೇ ತಿದ್ದುಪಡಿ. ಅದಕ್ಕೂ ಮುಂಚೆ ಮುಖ್ಯಮಂತ್ರಿಗೆ ಎಷ್ಟು ಬೇಕೋ ಅಷ್ಟು ಜನರನ್ನ ಮಂತ್ರಿ ಮಾಡೋ ಅವಕಾಶ ಇತ್ತು. 1997ರಲ್ಲಿ ಉತ್ತರ ಪ್ರದೇಶದಲ್ಲಿ ಕಲ್ಯಾಣ್ ಸಿಂಗ್ 93 ಜನರ ಮಂತ್ರಿಮಂಡಲ ಮಾಡಿದ್ರು, ಬೇರೆ ಪಕ್ಷ ಒಡ್ಕೊಂಡು ಬಂದೋರಿಗೆಲ್ಲ ಸ್ಥಾನ ಕೊಟ್ಟು ಬಹುಮತ ಉಳಿಸ್ಕೊಂಡಿದ್ದು ಅದು. ಸಂವಿಧಾನದ ಕಾರ್ಯನಿರ್ವಹಣೆ ಪರಿಶೀಲನೆ ಮಾಡೋಕೆ ಒಂದು ಆಯೋಗ ಆಗಿತ್ತು, ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ ಅದರ ಅಧ್ಯಕ್ಷರು, ಆ ಆಯೋಗ 2002ರಲ್ಲಿ ಕೊಟ್ಟ ವರದಿಯಲ್ಲಿ ಶೇ. 10 ಸಾಕು ಅಂದಿತ್ತು. ಸಂಸತ್ತು ಅದನ್ನ 15 ಮಾಡ್ತು. ಶೇ. 10 ಆಗಿದ್ರೆ ನಮಗೆ 22 ಜನ ಸಿಗ್ತಿದ್ರು. ಇಲ್ಲಿ ನನ್ನ ಅಭಿಪ್ರಾಯ ಹೇಳಿಬಿಡ್ತೀನಿ, ಕಮ್ಮಿ ಮಂತ್ರಿಗಳಿದ್ರೆ ಖರ್ಚು ಕಮ್ಮಿ, ಆಡಳಿತ ಚೆನ್ನಾಗಿರುತ್ತೆ ಅಂತ ತುಂಬಾ ಜನ ನಂಬಿದಾರೆ, ನಾನು ನಂಬಲ್ಲ. 31 ಜಿಲ್ಲೆ ಇರೋ ರಾಜ್ಯಕ್ಕೆ 34 ಜನ ಜಾಸ್ತಿ ಏನಲ್ಲ. ತೊಂದರೆ ಇರೋದು ಆ 34ನ್ನ ಹೇಗೆ ತುಂಬ್ತಾರೆ ಅನ್ನೋದ್ರಲ್ಲಿ.

2023ರದ್ದೇ ತಗೊಳ್ಳಿ. ಮೇ 20ಕ್ಕೆ ಕಂಠೀರವ ಸ್ಟೇಡಿಯಂನಲ್ಲಿ ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್ ಜೊತೆ 8 ಜನ ಪ್ರಮಾಣವಚನ ತಗೊಂಡ್ರು. ಒಂದು ವಾರ ಕಳೆದು 27ಕ್ಕೆ ರಾಜಭವನದಲ್ಲಿ ಇನ್ನೂ 24 ಜನ. ಒಟ್ಟು 34, ಭರ್ತಿ. ಆ ಒಂದು ವಾರ ನೆನಪಿದ್ಯಾ, ಟಿವಿಯಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೂ ಸಂಭಾವ್ಯರ ಪಟ್ಟಿ, ಲಾಬಿ, ದೆಹಲಿ ಪ್ರಯಾಣ, ಬೆಂಬಲಿಗರ ಪ್ರತಿಭಟನೆ. ಆ ಗದ್ದಲದಲ್ಲಿ ಒಂದು ವಿಷಯ ಬಹಳ ಜನರ ಗಮನಕ್ಕೆ ಬರ್ಲಿಲ್ಲ. ಚಿಕ್ಕಮಗಳೂರು ಜಿಲ್ಲೆಯಲ್ಲಿ ಐದಕ್ಕೆ ಐದೂ ಸೀಟು ಆಡಳಿತ ಪಕ್ಷಕ್ಕೇ ಬಂದಿತ್ತು, ಆದ್ರೂ ಆ ಜಿಲ್ಲೆಯಿಂದ ಒಬ್ಬರೂ ಮಂತ್ರಿ ಆಗ್ಲಿಲ್ಲ. ಕೊಡಗಲ್ಲಿ ಎರಡಕ್ಕೆ ಎರಡು ಸೀಟು, ಅಲ್ಲೂ ಇಲ್ಲ. ಉಡುಪಿಯಲ್ಲಿ ಐದೂ ಸೀಟು ವಿರೋಧ ಪಕ್ಷಕ್ಕೆ ಹೋಗಿತ್ತು, ಅಲ್ಲಿ ಇಲ್ಲ ಅಂದ್ರೆ ಅರ್ಥ ಆಗುತ್ತೆ. ಗೆಲ್ಲಿಸಿ ಕಳಿಸಿದ ಜಿಲ್ಲೆಗೂ ಇಲ್ಲ ಅಂದ್ರೆ ಅಲ್ಲಿನ ಜನಕ್ಕೆ ಹೇಗನ್ಸಿರಬೇಡ.

ಯಾಕೆ ಹೀಗಾಗುತ್ತೆ ಅಂದ್ರೆ, ಪಟ್ಟಿ ಮಾಡೋರು ಒಂದೇ ಲೆಕ್ಕ ಹಾಕಲ್ಲ, ನಾಲ್ಕೈದು ಲೆಕ್ಕ ಒಟ್ಟಿಗೆ ಹಾಕ್ತಾರೆ. ಹಿರಿತನ ಒಂದು, ಜಾತಿ ಸಮುದಾಯ ಒಂದು, ಪ್ರಾದೇಶಿಕ ಸಮತೋಲನ ಒಂದು, ಪಕ್ಷದ ಒಳಗಿನ ಬಣ ಒಂದು, ಹೈಕಮಾಂಡ್ ಮಾತು ಒಂದು. ಮಲೆನಾಡು ಕೊಡಗಿನಂಥ ಕಡೆ ಸೀಟುಗಳೇ ಕಮ್ಮಿ, ಗೆದ್ದೋರು ಹೊಸಬರಾದ್ರೆ ಹಿರಿತನದ ಲೆಕ್ಕದಲ್ಲಿ ಹಿಂದೆ ಬೀಳ್ತಾರೆ, ಬೇರೆ ಲೆಕ್ಕದಲ್ಲೂ ಅವರ ಹೆಸರು ಹಿಡಿದು ಎತ್ತೋರು ಇರಲ್ಲ. ಬೆಂಗಳೂರು ನಗರದ ಒಳಗೆ 28 ಕ್ಷೇತ್ರ ಇದೆ, ಅಲ್ಲಿ ಪ್ರತಿ ಲೆಕ್ಕಕ್ಕೂ ಯಾರೋ ಒಬ್ಬರು ಸಿಕ್ತಾರೆ.

ಹಾಗಂತ ಜಾತಿ ಲೆಕ್ಕ ಅಂದ ಕೂಡ್ಲೇ ಮೂಗು ಮುರಿಯೋರ ಜೊತೆ ನಾನಿಲ್ಲ. ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ನೀವು ಹುಡುಗ್ರು "ಮೆರಿಟ್ ನೋಡಿ ಮಂತ್ರಿ ಮಾಡಬೇಕು ಮೇಡಂ, ಜಾತಿ ಯಾಕೆ" ಅಂತ ಕೇಳೇ ಕೇಳ್ತೀರ. 1972ರಲ್ಲಿ ದೇವರಾಜ ಅರಸು ಮುಖ್ಯಮಂತ್ರಿ ಆದ್ರು. ಅವರ ಸಂಪುಟದಲ್ಲಿ ಬಿ. ಬಸವಲಿಂಗಪ್ಪ ಅಂತ ಒಬ್ಬರು ದಲಿತ ಸಮುದಾಯದ ಮಂತ್ರಿ, ಪೌರಾಡಳಿತ ಅವರ ಹತ್ರ ಇತ್ತು. ಪೌರಾಡಳಿತ ಅಂದ್ರೆ ಊರಿನ ಚರಂಡಿ, ಕಸ, ಕಕ್ಕಸು. ಆವಾಗ ನಮ್ಮ ಊರುಗಳಲ್ಲಿ ಮನುಷ್ಯರು ಮನುಷ್ಯರ ಮಲವನ್ನ ಬಕೆಟಲ್ಲಿ ತುಂಬಿ ತಲೆ ಮೇಲೆ ಹೊತ್ಕೊಂಡು ಹೋಗ್ತಿದ್ರು. ಆ ಖಾತೆಗೆ ಅವರಿಗಿಂತ ಮುಂಚೆನೂ ಮಂತ್ರಿಗಳಿದ್ರು, ಓದಿದವರಿದ್ರು, ಒಳ್ಳೆಯವರೂ ಇದ್ರು. ಆದ್ರೆ ತಲೆ ಮೇಲೆ ಮಲ ಹೊರೋದನ್ನ ಕರ್ನಾಟಕದಲ್ಲಿ ನಿಷೇಧ ಮಾಡಿ ಅಂತ ಆದೇಶ ಹೊರಡಿಸಿದ್ದು ಬಸವಲಿಂಗಪ್ಪ. ಕೇಂದ್ರದಲ್ಲಿ ಇದಕ್ಕೊಂದು ಕಾನೂನು ಬಂದಿದ್ದು 1993ರಲ್ಲಿ, ಸುಮಾರು ಇಪ್ಪತ್ತು ವರ್ಷ ಆಮೇಲೆ. ಫೈಲು ಅದೇ, ಇಲಾಖೆ ಅದೇ, ಕುರ್ಚಿಲಿ ಕೂತೋರು ಯಾವ ಬೀದಿಯಿಂದ ಬಂದೋರು ಅನ್ನೋದು ಬೇರೆ ಆಯ್ತು. 1973ರ ನವೆಂಬರಲ್ಲಿ ಮೈಸೂರಿನ ಒಂದು ಸಭೆಯಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂತ ಅವರು ಹೇಳಿದ್ದಕ್ಕೆ ರಾಜ್ಯದಲ್ಲೆಲ್ಲ ಗಲಾಟೆ ಆಗಿ ಮಂತ್ರಿ ಸ್ಥಾನನೂ ಹೋಯ್ತು, ಅದು ಇನ್ನೊಂದು ದೊಡ್ಡ ಕತೆ. ಅದೇ ಅರಸು ಕಾಲದಲ್ಲಿ 1974ರ ಭೂಸುಧಾರಣೆ ಬಂತು, ಹಿಂದುಳಿದ ವರ್ಗಗಳ ಬಗ್ಗೆ ಹಾವನೂರು ಆಯೋಗ ಬಂತು. ಈ ಸಭೆಯಲ್ಲಿ ಕೂತಿರೋರಲ್ಲಿ ಎಷ್ಟು ಜನರ ಅಜ್ಜ ಡಿಕ್ಲರೇಶನ್ ಕೊಟ್ಟು, ಅಂದ್ರೆ ಉಳೋರು ನಾವೇ ಅಂತ ಅರ್ಜಿ ಹಾಕಿ, ಗೇಣಿ ಜಮೀನು ತಮ್ಮದು ಮಾಡ್ಕೊಂಡಿರಬಹುದು, ಮನೇಲಿ ಕೇಳಿ ನೋಡಿ.

ಹೆಣ್ಮಕ್ಕಳ ವಿಷಯಕ್ಕೆ ಬಂದ್ರೆ ನನಗೆ ಸಿಟ್ಟು ಬರುತ್ತೆ, ಮುಚ್ಚಿಡಲ್ಲ. 2023ರಲ್ಲಿ 224ರಲ್ಲಿ 10 ಜನ ಹೆಂಗಸರು ಗೆದ್ದಿದ್ದು. ಸಂಪುಟಕ್ಕೆ ಬಂದೋರು ಒಬ್ಬರು, ಲಕ್ಷ್ಮೀ ಹೆಬ್ಬಾಳ್ಕರ್. ಖಾತೆ ಯಾವುದು? ಮಹಿಳಾ ಮತ್ತು ಮಕ್ಕಳ ಕಲ್ಯಾಣ. ಅದಕ್ಕೂ ಮುಂಚೆ 2019ರಲ್ಲಿ ಶಶಿಕಲಾ ಜೊಲ್ಲೆ, ಅದೇ ಖಾತೆ. 2018ರಲ್ಲಿ ಜಯಮಾಲಾ, ಅದೇ. 2013ರಲ್ಲಿ ಉಮಾಶ್ರೀ, ಅದೇ. ಪಕ್ಷ ಬದಲಾಯ್ತು, ಮುಖ್ಯಮಂತ್ರಿ ಬದಲಾದ್ರು, ಈ ಒಂದು ಪದ್ಧತಿ ಹೆಚ್ಚು ಬದಲಾಗ್ಲಿಲ್ಲ. ಅಂಗನವಾಡಿ ದೊಡ್ಡ ಕೆಲಸ, ಆ ಖಾತೆ ಸಣ್ಣದು ಅಂತ ನಾನು ಯಾವತ್ತೂ ಹೇಳಲ್ಲ. ಆದ್ರೆ ನೀರಾವರಿ, ಕಂದಾಯ, ಲೋಕೋಪಯೋಗಿ, ಗೃಹ ಇವು ಹೆಂಗಸರ ಕೈಗೆ ಯಾಕೆ ಬರಲ್ಲ? 2008ರ ಸರ್ಕಾರದಲ್ಲಿ ಶೋಭಾ ಕರಂದ್ಲಾಜೆ ಅವರಿಗೆ ಗ್ರಾಮೀಣಾಭಿವೃದ್ಧಿ ಕೊಟ್ಟಿದ್ರು, ಆಮೇಲೆ ಇಂಧನನೂ ಅವರ ಹತ್ರ ಇತ್ತು, ಅಂಥದ್ದು ಬೆರಳಲ್ಲಿ ಎಣಿಸೋಷ್ಟು.

ಖಾತೆ ಅಂದ್ನಲ್ಲ, ಅದನ್ನ ಹಂಚೋದು ಇನ್ನೊಂದು ಹಂತ. ಪ್ರಮಾಣವಚನ ಬೋಧಿಸೋದು ರಾಜ್ಯಪಾಲರು, ಖಾತೆ ಹಂಚಿಕೆಗೂ ಅವರ ಸಹಿ ಬೇಕು, ಆದ್ರೆ ತೀರ್ಮಾನ ಮುಖ್ಯಮಂತ್ರಿದು. ನಮ್ಮ ರಾಜ್ಯದಲ್ಲಿ ಯಾವ ಇಲಾಖೆಗೆ ಯಾವ ವಿಷಯ ಸೇರುತ್ತೆ, ಯಾವುದು ಸಂಪುಟದ ಮುಂದೆ ಬರಲೇಬೇಕು ಅನ್ನೋದಕ್ಕೆ 1977ರ ನಿಯಮಾವಳಿಗಳಿವೆ. ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ, ನಾವೆಲ್ಲ ಡಿಪಿಎಆರ್ ಅಂತೀವಲ್ಲ, ಅದು ಮುಖ್ಯಮಂತ್ರಿ ಹತ್ರ ಉಳಿಯುತ್ತೆ, ಯಾಕಂದ್ರೆ ದೊಡ್ಡ ಅಧಿಕಾರಿಗಳ ವರ್ಗಾವಣೆ ಅಲ್ಲಿಂದ ಆಗೋದು. ಗುಪ್ತಚರನೂ ಸಾಮಾನ್ಯವಾಗಿ ಗೃಹ ಮಂತ್ರಿಗೆ ಹೋಗಲ್ಲ, ಮುಖ್ಯಮಂತ್ರಿನೇ ಇಟ್ಕೋತಾರೆ. ಹಣಕಾಸನ್ನ ಸಿದ್ದರಾಮಯ್ಯ ತಮ್ಮ ಹತ್ರವೇ ಇಟ್ಕೊಂಡ್ರು, 2025ರ ಮಾರ್ಚಲ್ಲಿ ಮಂಡಿಸಿದ್ದು ಅವರ 16ನೇ ಬಜೆಟ್.

ಈಗ ನೀರು ಅನ್ನೋ ಒಂದೇ ಒಂದು ವಸ್ತು ತಗೊಳ್ಳಿ. ದೊಡ್ಡ ಅಣೆಕಟ್ಟು, ದೊಡ್ಡ ನಾಲೆ ಜಲಸಂಪನ್ಮೂಲಕ್ಕೆ, ಕೆರೆ ಸಣ್ಣ ನೀರಾವರಿಗೆ, ಹಳ್ಳಿಯ ನಲ್ಲಿ ನೀರು ಗ್ರಾಮೀಣಾಭಿವೃದ್ಧಿಗೆ, ಪಟ್ಟಣದ ನಲ್ಲಿ ನಗರಾಭಿವೃದ್ಧಿ ಕಡೆಗೆ, ಬೆಂಗಳೂರಿನ ನೀರು ಬೆಂಗಳೂರು ಅಭಿವೃದ್ಧಿಗೆ. 2023ರ ಹಂಚಿಕೆಯಲ್ಲಿ ಜಲಸಂಪನ್ಮೂಲ ಮತ್ತು ಬೆಂಗಳೂರು ಡಿ.ಕೆ. ಶಿವಕುಮಾರ್ ಹತ್ರ, ಸಣ್ಣ ನೀರಾವರಿ ಎನ್.ಎಸ್. ಬೋಸರಾಜು ಹತ್ರ, ಗ್ರಾಮೀಣಾಭಿವೃದ್ಧಿ ಪ್ರಿಯಾಂಕ್ ಖರ್ಗೆ ಹತ್ರ. ಮಳೆ ಒಂದೇ, ಅದು ಹರಿದು ಹೋಗೋ ದಾರೀಲಿ ಇಷ್ಟು ಜನರ ಕೈ ದಾಟುತ್ತೆ. ಶಿಕ್ಷಣನೂ ಹಾಗೇ, ಶಾಲೆ ಒಬ್ಬರಿಗೆ, ನಿಮ್ಮ ಡಿಗ್ರಿ ಕಾಲೇಜು ಇನ್ನೊಬ್ಬರಿಗೆ, ಮೆಡಿಕಲ್ ಕಾಲೇಜು ಮತ್ತೊಬ್ಬರಿಗೆ, ನೀವು ಉಳ್ಕೊಳ್ಳೋ ಹಾಸ್ಟೆಲ್ ಸಮಾಜ ಕಲ್ಯಾಣಕ್ಕೋ ಹಿಂದುಳಿದ ವರ್ಗಗಳ ಇಲಾಖೆಗೋ ಸೇರುತ್ತೆ. ನಿಮ್ಮ ತೊಂದರೆ ಒಂದೇ ಇರುತ್ತೆ, ಅರ್ಜಿ ಮಾತ್ರ ಮೂರು ಬರೀಬೇಕಾಗುತ್ತೆ. ಅದಕ್ಕೇ ಸಂಪುಟ ಒಂದು ಗುಂಪಾಗಿ ಕೂತು ಮಾತಾಡೋದು ಮುಖ್ಯ. 164ನೇ ವಿಧಿಯ ಎರಡನೇ ಉಪವಿಧಿ ಹೇಳೋದೂ ಅದನ್ನೇ, ಮಂತ್ರಿಮಂಡಲ ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆ. ಒಬ್ಬ ಮಂತ್ರಿ "ಅದು ನನ್ನ ಇಲಾಖೆ ಅಲ್ಲ" ಅಂತ ಸದನದಲ್ಲಿ ತಪ್ಪಿಸ್ಕೊಳ್ಳೋ ಹಾಗಿಲ್ಲ, ಮುಖ್ಯಮಂತ್ರಿ ರಾಜೀನಾಮೆ ಕೊಟ್ರೆ ಎಲ್ಲರೂ ಹೋಗಬೇಕು.

ಬೋಸರಾಜು ಹೆಸರು ಬಂತಲ್ಲ, ಅವರು ಪ್ರಮಾಣವಚನ ತಗೊಂಡಾಗ ಎಂಎಲ್ಎನೂ ಅಲ್ಲ, ಎಂಎಲ್ಸಿನೂ ಅಲ್ಲ. ಅದಕ್ಕೆ ಅವಕಾಶ ಇದೆ, ಆರು ತಿಂಗಳೊಳಗೆ ಯಾವುದಾದ್ರೂ ಸದನಕ್ಕೆ ಬರಬೇಕು ಅಷ್ಟೇ, ಅವರು ಜೂನಲ್ಲೇ ವಿಧಾನ ಪರಿಷತ್ತಿಗೆ ಬಂದ್ರು. 1983ರ ಜನವರಿಯಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಆದಾಗ ಅವರೂ ವಿಧಾನಸಭೆಯಲ್ಲಿ ಇರ್ಲಿಲ್ಲ, ಪಿ.ಜಿ.ಆರ್. ಸಿಂಧ್ಯ ಕನಕಪುರ ಬಿಟ್ಟುಕೊಟ್ರು, ಅಲ್ಲಿಂದ ಉಪಚುನಾವಣೆ ಗೆದ್ದು ಬಂದ್ರು. ಪಂಜಾಬಲ್ಲಿ ಒಬ್ಬರು ಆರು ತಿಂಗಳು ಮುಗಿಯೋ ಹೊತ್ತಿಗೆ ರಾಜೀನಾಮೆ ಕೊಟ್ಟು, ಗೆಲ್ಲದೇನೇ ಮತ್ತೆ ಮಂತ್ರಿ ಆದ್ರು, ಸುಪ್ರೀಂ ಕೋರ್ಟು 2001ರಲ್ಲಿ ಅದು ಸಂವಿಧಾನಕ್ಕೆ ವಿರುದ್ಧ ಅಂತ ಖಡಾಖಂಡಿತವಾಗಿ ಹೇಳಿ ಆ ದಾರಿ ಮುಚ್ಚಿತು.

ಉಪಮುಖ್ಯಮಂತ್ರಿ ಅನ್ನೋ ಹುದ್ದೆ ಸಂವಿಧಾನದಲ್ಲಿ ಇಲ್ಲ. ಅವರೂ ಒಬ್ಬ ಮಂತ್ರಿನೇ. 2019ರಲ್ಲಿ ನಮ್ಮಲ್ಲಿ ಒಟ್ಟಿಗೆ ಮೂವರಿದ್ರು, ಗೋವಿಂದ ಕಾರಜೋಳ, ಅಶ್ವತ್ಥ ನಾರಾಯಣ, ಲಕ್ಷ್ಮಣ ಸವದಿ. ಇದನ್ನ ಇಷ್ಟಕ್ಕೇ ಬಿಡ್ತೀನಿ.

ಪಕ್ಷಾಂತರದ್ದು ಮಾತ್ರ ಹೇಳ್ಲೇಬೇಕು. ಅದೇ 91ನೇ ತಿದ್ದುಪಡಿ 1ಬಿ ಅಂತ ಇನ್ನೊಂದು ಉಪವಿಧಿ ತಂತು. ಪಕ್ಷಾಂತರ ಮಾಡಿ ಅನರ್ಹ ಆದೋರು ಆ ಅವಧಿ ಮುಗಿಯೋವರೆಗೂ ಅಥವಾ ಮತ್ತೆ ಚುನಾಯಿತರಾಗೋವರೆಗೂ ಮಂತ್ರಿ ಆಗೋ ಹಾಗಿಲ್ಲ. ಇದು ಕಾಗದದ ಮೇಲೆ ಮಾತ್ರ ಉಳೀಲಿಲ್ಲ ಅನ್ನೋದಕ್ಕೆ ನಮ್ಮ ಹೈಕೋರ್ಟ್ ಸಾಕ್ಷಿ. 2019ರಲ್ಲಿ ಅನರ್ಹರಾಗಿದ್ದ ಎ.ಎಚ್. ವಿಶ್ವನಾಥ್ ಉಪಚುನಾವಣೆ ಸೋತು ಆಮೇಲೆ ಪರಿಷತ್ತಿಗೆ ನಾಮಕರಣ ಆದ್ರು. 2020ರ ನವೆಂಬರ್ 30ಕ್ಕೆ ಹೈಕೋರ್ಟ್ ಹೇಳ್ತು, ನಾಮಕರಣ ಆಗೋದು ಚುನಾಯಿತರಾದ ಹಾಗಲ್ಲ, ಇವರು ಮಂತ್ರಿ ಆಗೋಕಾಗಲ್ಲ ಅಂತ. ಅದೇ ಕೇಸಲ್ಲಿದ್ದ ಎಂ.ಟಿ.ಬಿ. ನಾಗರಾಜ್ ಮತ್ತು ಆರ್. ಶಂಕರ್ ಶಾಸಕರ ಮತದಿಂದ ಪರಿಷತ್ತಿಗೆ ಆಯ್ಕೆ ಆಗಿದ್ದರಿಂದ ಅವರಿಗೆ ಅಡ್ಡಿ ಆಗ್ಲಿಲ್ಲ, 2021ರ ಜನವರಿಯಲ್ಲಿ ಮಂತ್ರಿ ಆದ್ರು. ಮೂವರೂ 2019ರಲ್ಲಿ ಅನರ್ಹರಾದೋರೇ, ಆದ್ರೆ ಜನರ ಕಡೆಯಿಂದಾಗ್ಲಿ ಜನರ ಪ್ರತಿನಿಧಿಗಳ ಕಡೆಯಿಂದಾಗ್ಲಿ ಒಂದು ಮತ ಬಿದ್ದಿರಬೇಕು ಅನ್ನೋ ತತ್ವವನ್ನ ಕೋರ್ಟ್ ಗಟ್ಟಿಯಾಗಿ ಹಿಡೀತು. ಆ ತೀರ್ಪು ಓದಿದಾಗ ನನಗೆ ನಿಜಕ್ಕೂ ಸಮಾಧಾನ ಆಯ್ತು.

ಈಗ ಆಗಲೇ ಹೇಳಿದ 12ರ ವಿಷಯ. 2019ರ ಜುಲೈ 26ಕ್ಕೆ ಬಿ.ಎಸ್. ಯಡಿಯೂರಪ್ಪ ಒಬ್ಬರೇ ಪ್ರಮಾಣವಚನ ತಗೊಂಡ್ರು. ಬಾಕಿ ಮಂತ್ರಿಗಳು ಬಂದಿದ್ದು ಆಗಸ್ಟ್ 20ಕ್ಕೆ, 17 ಜನ. ಮಧ್ಯದ 25 ದಿನ ರಾಜ್ಯದಲ್ಲಿ ಒಬ್ಬರೇ ಮಂತ್ರಿ. ಆ ಆಗಸ್ಟ್ ಹೇಗಿತ್ತು ಅಂತ ಉತ್ತರ ಕರ್ನಾಟಕದವ್ರನ್ನ ಕೇಳಿ. ಕೃಷ್ಣಾ, ಮಲಪ್ರಭಾ, ಘಟಪ್ರಭಾ ಉಕ್ಕಿ ಬೆಳಗಾವಿ, ಬಾಗಲಕೋಟೆ ಕಡೆ ಊರಿಗೆ ಊರೇ ಮುಳುಗಿತ್ತು, ಇತ್ತ ಮಲೆನಾಡು, ಕೊಡಗಲ್ಲಿ ಗುಡ್ಡ ಕುಸೀತಿತ್ತು. ಕಂದಾಯ ಮಂತ್ರಿ ಇಲ್ಲ, ಆರೋಗ್ಯ ಮಂತ್ರಿ ಇಲ್ಲ, ಕೃಷಿ ಮಂತ್ರಿ ಇಲ್ಲ, ಯಾವ ಜಿಲ್ಲೆಗೂ ಉಸ್ತುವಾರಿ ಇಲ್ಲ. ಮುಖ್ಯಮಂತ್ರಿ ಒಬ್ಬರೇ ಆ ವಯಸ್ಸಲ್ಲಿ ಜಿಲ್ಲೆಯಿಂದ ಜಿಲ್ಲೆಗೆ ಓಡಾಡಿದ್ರು, ಅಧಿಕಾರಿಗಳು ಕೆಲಸ ಮಾಡಿದ್ರು, ಅದನ್ನ ಒಪ್ಕೋಬೇಕು. ಆದ್ರೆ ಒಬ್ಬ ಮನುಷ್ಯ ಎಷ್ಟು ಕಡೆ ಇರೋಕಾಗುತ್ತೆ. ಇದು ನಮ್ಮೊಂದು ರಾಜ್ಯದ್ದಲ್ಲ, 2018ರ ಡಿಸೆಂಬರಿಂದ ತೆಲಂಗಾಣದಲ್ಲಿ ಎರಡು ತಿಂಗಳಿಗೂ ಮೇಲೆ ಇಬ್ಬರೇ ಇದ್ರು, 2020ರಲ್ಲಿ ಕೊರೊನಾ ಶುರುವಾದ ಹೊತ್ತಲ್ಲೇ ಮಧ್ಯಪ್ರದೇಶದಲ್ಲಿ ನಾಲ್ಕು ವಾರ ಒಬ್ಬರೇ. 12ಕ್ಕಿಂತ ಕಮ್ಮಿ ಇರಬಾರದು ಅಂತ ಬರೆದ ಸಂವಿಧಾನ ಎಷ್ಟು ದಿನದೊಳಗೆ 12 ತುಂಬಬೇಕು ಅಂತ ಬರೀಲಿಲ್ಲ, ಆ ಸಂದಿಯಲ್ಲಿ ಜನ ಸಿಕ್ಕಿಹಾಕ್ಕೊಳ್ತಾರೆ. ಅದಕ್ಕೊಂದು ಗಡುವು ಬೇಕು, ಒಂದು ವಾರ, ಹೆಚ್ಚಂದ್ರೆ ಹತ್ತು ದಿನ, ಇದು ನನ್ನ ಗಟ್ಟಿ ಅಭಿಪ್ರಾಯ.

ಖಾಲಿ ಬಿಡೋದೂ ಒಂದು ಪದ್ಧತಿನೇ ಆಗಿದೆ. 2021ರ ಆಗಸ್ಟಲ್ಲಿ ಬಸವರಾಜ ಬೊಮ್ಮಾಯಿ 29 ಜನರನ್ನ ತಗೊಂಡ್ರು, ನಾಲ್ಕು ಸ್ಥಾನ ಉಳೀತು. ಆಮೇಲೆ ಒಬ್ಬರು ರಾಜೀನಾಮೆ ಕೊಟ್ರು, ಉಮೇಶ್ ಕತ್ತಿ ತೀರ್ಕೊಂಡ್ರು, ಆರು ಸ್ಥಾನ ಖಾಲಿ, 2023ರ ಚುನಾವಣೆವರೆಗೂ ತುಂಬ್ಲಿಲ್ಲ. ಇಂದು ವಿಸ್ತರಣೆ, ನಾಳೆ ವಿಸ್ತರಣೆ ಅಂತ ಆಕಾಂಕ್ಷಿಗಳು ಕಾಯ್ತಾ ಇರ್ತಾರೆ, ಕಾಯೋರು ಬಾಯಿ ಬಿಡಲ್ಲ. ಎಲ್ಲಾ ಪಕ್ಷದಲ್ಲೂ ಇದು ನಡೆಯುತ್ತೆ. ಖಾಲಿ ಖಾತೆಗಳೆಲ್ಲ ಇನ್ಯಾರೋ ಒಬ್ಬರ ಹೆಗಲಿಗೆ ಹೆಚ್ಚುವರಿ ಹೊಣೆ ಅಂತ ಬೀಳುತ್ತೆ.

ಕೊನೆಗೆ ಉಸ್ತುವಾರಿ. ಮಂತ್ರಿ ಇಲ್ಲದ ಜಿಲ್ಲೆಗೆ ಹೊರಗಿನೋರನ್ನ ಉಸ್ತುವಾರಿ ಮಾಡ್ತಾರೆ. 2023ರಲ್ಲಿ ಚಿಕ್ಕಮಗಳೂರಿಗೆ ಬೆಂಗಳೂರಿನ ಕೆ.ಜೆ. ಜಾರ್ಜ್, ಕೊಡಗಿಗೆ ರಾಯಚೂರಿನ ಬೋಸರಾಜು, ಉಡುಪಿಗೆ ಬೆಳಗಾವಿಯ ಲಕ್ಷ್ಮೀ ಹೆಬ್ಬಾಳ್ಕರ್, ದಕ್ಷಿಣ ಕನ್ನಡಕ್ಕೆ ಬೆಂಗಳೂರಿನ ದಿನೇಶ್ ಗುಂಡೂರಾವ್. ಹೊರಗಿನೋರು ಅಂದ ಮಾತ್ರಕ್ಕೆ ಕೆಲಸ ಮಾಡಲ್ಲ ಅಂತಲ್ಲ. ಆದ್ರೆ ಒಳಗಿನೋರು ಶನಿವಾರ ಭಾನುವಾರ ಊರಿಗೆ ಬರ್ತಾರೆ, ಮದುವೆಗೆ ಬರ್ತಾರೆ, ಜಾತ್ರೆಗೆ ಬರ್ತಾರೆ, ಅಲ್ಲಿ ಕೈ ಹಿಡಿದು ನಿಲ್ಲಿಸಿ ಕೇಳ್ಬಹುದು. ಹೊರಗಿನೋರು ಸಿಗೋದು ಆಗಸ್ಟ್ 15, ಜನವರಿ 26ರ ಧ್ವಜಾರೋಹಣ, ರಾಜ್ಯೋತ್ಸವ, ಮೂರು ತಿಂಗಳಿಗೊಂದು ಕೆಡಿಪಿ ಸಭೆ, ಅಂದ್ರೆ ಜಿಲ್ಲೆಯ ಎಲ್ಲಾ ಇಲಾಖೆಗಳ ಕೆಲಸ ಪರಿಶೀಲನೆ ಮಾಡೋ ಸಭೆ.

ಮಾತು ಮುಗಿದ ಮೇಲೆ ಹಿಂದಿನ ಬೆಂಚಿಂದ ಒಬ್ಬಳು ಹುಡುಗಿ ಎದ್ದು ಕೇಳಿದ್ಲು, "ಮೇಡಂ, ಆ ಕಾಲುಸಂಕ ಆಯ್ತಾ?" ಆಯ್ತು ಮಗಳೇ. ನಾಲ್ಕನೇ ವರ್ಷ. ಒಂದು ಕೆಡಿಪಿ ಸಭೆ ದಿನ ಆಚೆ ದಡದ ಹೆಂಗಸರು ಹನ್ನೊಂದು ಜನ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ಜಿಲ್ಲಾ ಪಂಚಾಯತ್ ಆಫೀಸಿನ ಮೆಟ್ಟಿಲ ಮೇಲೆ ಕೂತ್ರು, ಮಧ್ಯಾಹ್ನ ಊಟಕ್ಕೆ ಎದ್ದು ಬಂದ ಉಸ್ತುವಾರಿ ಮಂತ್ರಿಗೆ ಮೂರೂ ಇಲಾಖೆಯ ಪತ್ರಗಳನ್ನ ಒಂದರ ಪಕ್ಕ ಒಂದು ಇಟ್ಟು ತೋರಿಸಿದ್ರು. ಅವರು ಅಲ್ಲೇ ನಿಂತು ಮೂವರು ಅಧಿಕಾರಿಗಳನ್ನ ಹೊರಗೆ ಕರೆಸಿದ್ರು. ಸಿಮೆಂಟಿನ ಸಂಕ, ಎರಡೂ ಕಡೆ ಹಿಡ್ಕೊಳ್ಳೋಕೆ ಕಬ್ಬಿಣದ ಕಂಬಿ ಇದೆ. ಅಷ್ಟೊತ್ತಿಗೆ ನನ್ನ ಸ್ಟೂಡೆಂಟ್ ಪಿಯುಸಿ ಬಿಟ್ಟಾಗಿತ್ತು. ಅವಳ ತಂಗಿ ಅದರ ಮೇಲೆ ನಡ್ಕೊಂಡು ಬಂದು ಪಾಸಾದ್ಲು.